ಭಾವನಿಗೆ ನಿಲ್ಲುವುದನ್ನು ಕಲಿಸಿದ್ದು

ಹೊಸಬರಿಗೆ ಕೆಲಸ ಕಲಿಸುವುದು ಕಾರ್ಖಾನೆಯಲ್ಲಿ ನನ್ನ ಪಾಲಿಗೆ ಬಂದಿರುವ ಕೆಲಸ. ಹೊಸೂರಿನಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಡೆ, ಯಾವ ಬೋಲ್ಟ್ ಮೊದಲು, ಯಾವುದು ಆಮೇಲೆ ಎಂದು ಮೂರು ದಿನ ತೋರಿಸಿದರೆ ನಾಲ್ಕನೇ ದಿನ ಹುಡುಗಿಯರು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಆ ಜಂಬದಲ್ಲೇ ಭಾವನಿಗೆ ಆಟ ಕಲಿಸಲು ಒಪ್ಪಿಕೊಂಡೆ. ಜಂಬಕ್ಕೆ ತಕ್ಕ ಶಾಸ್ತಿಯಾಯಿತು.

ಆಟ ಫೋನಿನಲ್ಲಿ ಆಡುವಂಥದ್ದು. ನಾಲ್ಕು ಜನ ತಂತಮ್ಮ ಮನೆಯಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮಾತಾಡಿಕೊಂಡೇ ಒಂದು ಕೊಂಬಿನ ಮೃಗವನ್ನು ಕೆಡವಬೇಕು. ಅದು ಕಾಲಲ್ಲಿ ನೆಲ ಕೆರೆಯುತ್ತಲೇ ನಾಲ್ವರೂ ಅಂಗಳದ ನಾಲ್ಕು ಮೂಲೆಯ ಕಲ್ಲುಗಳನ್ನು ಹತ್ತಿ ನಿಲ್ಲಬೇಕು. ನಿಂತರೆ ಮೃಗ ನಡುವೆ ಸಿಕ್ಕಿಬಿದ್ದು ಏಟು ತಿನ್ನುತ್ತದೆ. ಒಬ್ಬರು ಇಳಿದರೂ ಎಲ್ಲರೂ ಸತ್ತೆವು, ಮತ್ತೆ ಮೊದಲಿನಿಂದ. ಕೆಡವಿದವರಿಗೆ ಆಟದಲ್ಲೊಂದು ಪದಕ, ಎರಡು ವರ್ಷದಿಂದ ಅದು ನನಗೆ ದಕ್ಕಿರಲಿಲ್ಲ. ತಿಂಗಳ ಕೊನೆಯ ಭಾನುವಾರ ಸಂಜೆ ಆರಕ್ಕೆ ಆ ಮೃಗವನ್ನೇ ತೆಗೆದುಹಾಕುತ್ತೇವೆಂದು ಆಟದವರು ಸಾರಿಬಿಟ್ಟಿದ್ದರು. ಅಷ್ಟರೊಳಗೆ ಗೆಲ್ಲಬೇಕು, ಇಲ್ಲವಾದರೆ ಇನ್ನೆಂದೂ ಇಲ್ಲ. ನಗುವವರು ನಗಲಿ, ನನಗೆ ಅದು ಬೇಕಾಗಿತ್ತು.

ನಾನು, ನನ್ನ ಗಂಡ, ಕಾರ್ಖಾನೆಯಲ್ಲಿ ನನ್ನ ಲೈನಿನಲ್ಲೇ ಕೆಲಸ ಮಾಡುವ ತಮಿಳು ಹುಡುಗಿ, ಮೂವರಿದ್ದೆವು. ಜೊತೆಗೆ ಆಡುತ್ತಿದ್ದ ನಾಲ್ಕನೆಯವರು ಶಿಫ್ಟ್ ಬದಲಾಗಿ ನಮ್ಮ ಹೊತ್ತಿಗೆ ಸಿಗದಾದರು. ಗಂಡನ ಅಣ್ಣ ಕಾಡಂಚಿನ ಜವಳಗಿರಿಯಲ್ಲಿ ಬೇಸಾಯ ಮಾಡಿಕೊಂಡಿದ್ದಾರೆ. ಹೊಸೂರಿನ ಆಲಸನತ್ತಂನಲ್ಲಿರುವ ನಮ್ಮ ಮನೆಗೆ ಅವರೆಕಾಯಿ ಕೊಡಲು ಬಂದವರು ನಾವು ಆಡುವುದನ್ನು ಒಂದು ಗಳಿಗೆ ನೋಡಿ, “ನಂಗೂವೆ ಕಲ್ಸಮ್ಮ” ಎಂದರು. ಮದುವೆಯಾಗಿ ಆರು ವರ್ಷವಾದರೂ ನಾನು ಅವರೆದುರು ಕುರ್ಚಿಯ ಮೇಲೆ ಕೂತವಳಲ್ಲ. ಊಟಕ್ಕೆ ಏಳಿ ಎನ್ನುವುದಕ್ಕಿಂತ ಹೆಚ್ಚಿನ ಮಾತು ನಮ್ಮ ನಡುವೆ ಇರಲಿಲ್ಲ. ಹೂಂ ಎಂದುಬಿಟ್ಟೆ.

ಮೊದಲನೇ ತೊಡಕು ಮರ್ಯಾದೆಯದು. ಗಂಡನಿಗಾದರೆ “ಎಡಕ್ಕೆ!” ಎಂದರೆ ಮುಗಿಯಿತು. ಭಾವನಿಗೆ ಹಾಗೆ ಅಪ್ಪಣೆ ಕೊಡುವುದುಂಟೇ? “ಭಾವ, ಒಸಿ ಬಲಗಡೀಕೆ ಬತ್ತೀರಾ?” ಎಂದು ಬಹುವಚನ ಹಚ್ಚಿ ಕೇಳಿ ಮುಗಿಸುವಷ್ಟರಲ್ಲಿ ನಾಲ್ವರೂ ಸತ್ತಿರುತ್ತಿದ್ದೆವು.

ಎರಡನೆಯದಕ್ಕೆ ಮದ್ದೇ ಇರಲಿಲ್ಲ. ಭಾವ ಕಲ್ಲಿನ ಮೇಲೆ ನಿಲ್ಲುತ್ತಿದ್ದರು, ನೆಟ್ಟಗೇ ನಿಲ್ಲುತ್ತಿದ್ದರು. ಮೃಗ ಅವರ ಕಡೆ ಮುಖ ಮಾಡಿತೋ, ಮೆಲ್ಲಗೆ ಇಳಿದು ಪಕ್ಕಕ್ಕೆ ಸರಿಯುತ್ತಿದ್ದರು. ಹೆದರಿ ಓಡುವುದಲ್ಲ. ಮನೆಗೆ ಬಂದ ಹಿರಿಯರಿಗೆ ಬಾಗಿಲಲ್ಲಿ ಜಾಗ ಬಿಡುವ ಹಾಗೆ.

“ಯಾಕ್ ಭಾವ ಇಳುದ್ರಿ?”

“ಅದ್ಕೆ ದಾರಿ ಬುಡ್ಬೇಕಲ್ಲಮ್ಮ. ನಾಕ್ ಕಡೀಕೂ ಅಡ್ಡ ನಿಂತ್ರೆ ಅದು ಎಲ್ಗೋಯ್ತದೆ? ನಮ್ ಮ್ಯಾಕೇ ಬತ್ತದೆ.”

ಜವಳಗಿರಿಯಲ್ಲಿ ರಾಗಿ ಹೊಲಕ್ಕೆ ಆನೆ ಇಳಿದರೆ ಮೂರು ಕಡೆ ನಿಂತು ಕೂಗುತ್ತಾರೆ, ಕಾಡಿನ ಕಡೆ ಖಾಲಿ ಬಿಡುತ್ತಾರೆ. ಆ ಖಾಲಿಯಲ್ಲಿ ಹೋಗಿ ನಿಲ್ಲಬಾರದೆಂದು ಅಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ಇದು ಆನೆಯಲ್ಲ ಭಾವ, ಬೊಂಬೆ ಎಂದೆ. “ಗೊತ್ತು ಕಣಮ್ಮ. ಕೈ ಕೇಳಾಕಿಲ್ಲ” ಎಂದರು.

ಕಾಗದದ ಮೇಲೆ ಬರೆದು ಫೋಟೋ ಕಳಿಸಿದೆ. ಗಂಡನ ಕೈಲಿ ಹೇಳಿಸಿದೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸನಾದೆ. ಅವರ ಮನೆಯಲ್ಲಿ ಮಾತಿಗೆ ಸಿಗ್ನಲ್ ಸಿಗುತ್ತದೆ, ಆಟಕ್ಕೆ ಸಿಗುವುದಿಲ್ಲ. ಆಟಕ್ಕೆಂದು ಗುಡ್ಡೆ ಹತ್ತಿ ಕೂರುತ್ತಿದ್ದರು, ಕತ್ತಲಾಗುವ ಮುಂಚೆ ಇಳಿದುಬಿಡಬೇಕು. ಅಷ್ಟೆಲ್ಲ ಪಾಡುಪಟ್ಟು ಹತ್ತಿಬಂದು, ಮತ್ತೆ ಅದೇ ತಪ್ಪು! “ಅಕ್ಕಾ, ಪೆರಿಯವರು ತಿರುಂಬ ಎರಂಗಿಟ್ಟಾರು” ಎಂದು ತಮಿಳು ಹುಡುಗಿ ನಿಟ್ಟುಸಿರು ಬಿಡುತ್ತಿದ್ದಳು. ಹಿರಿಯರು ಮತ್ತೆ ಇಳಿದುಬಿಟ್ಟರು ಎಂದು ನನಗೆ ಹೇಳಬೇಕೇ? ನಾನು ಆಗಲೇ ಸತ್ತು ಬಿದ್ದಿರುತ್ತಿದ್ದೆ.

ಒಂದು ದಿನ ಮೃಗಕ್ಕೆ ಗುಟುಕು ಜೀವ ಉಳಿದಿತ್ತು. ಇನ್ನೊಂದು ಸಲ ನಾಲ್ವರೂ ನಿಂತರೆ ಸಾಕು. ಭಾವ ಇಳಿದರು.

“ಅಯ್ಯೋ, ನಿಂತ್ಕಳೋ ಅಲ್ಲೇ!” ಎಂದು ಕಿರುಚಿಬಿಟ್ಟೆ.

“ತೆಪ್ಪಾಯ್ತು ಕಣಮ್ಮ” ಎಂದರು ಭಾವ. ಗಂಡ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ನಿಜ ಹೇಳುತ್ತೇನೆ, ಏಕವಚನ ಬಾಯಿಗೆ ಬಂದದ್ದಕ್ಕೆ ನಾಚಿಕೆಯಾಯಿತು, ಆದರೆ ಮೃಗ ತಪ್ಪಿಹೋಯಿತಲ್ಲ ಎಂಬ ಹೊಟ್ಟೆಯುರಿಯೇ ದೊಡ್ಡದಾಗಿತ್ತು.

ಕೊನೆಯ ಭಾನುವಾರ ಮಧ್ಯಾಹ್ನ ನಾನೇ ಗಂಡನಿಗೆ ಹೇಳಿದೆ, ಆಟ ಕೆಟ್ಟಿದೆಯಂತೆ, ಗುಡ್ಡೆ ಹತ್ತಬೇಡಿ ಎಂದು ಅಣ್ಣನಿಗೆ ತಿಳಿಸು ಅಂತ. ಅವನು ನನ್ನ ಮುಖ ನೋಡಿದ, ಆಮೇಲೆ ಫೋನ್ ಮಾಡಿದ. ಭಾವನ ಜಾಗಕ್ಕೆ ಯಾವ ಊರಿನವನೋ ಗೊತ್ತಿಲ್ಲದ ಒಬ್ಬನನ್ನು ಆಟದಲ್ಲೇ ಹುಡುಕಿ ಕರೆದುಕೊಂಡೆ. ಅವನು ಒಂದು ಮಾತೂ ಆಡಲಿಲ್ಲ. ನಿಲ್ಲಬೇಕಾದಲ್ಲಿ ನಿಂತ. ಮೂರನೇ ಸಲಕ್ಕೆ ಮೃಗ ಬಿತ್ತು. ನಾನು ಎದ್ದು ಕುಣಿದೆ. ಅವನು ಬಂದ ಹಾಗೆಯೇ ಹೋದ.

ಯಾರಾದರೂ ಗೆದ್ದರೆ ಆ ಸುದ್ದಿ ಅವರ ಗೆಳೆಯರೆಲ್ಲರ ಪರದೆಗೂ ಹೋಗುತ್ತದೆ. ಆ ಖುಷಿಯಲ್ಲಿ ಅದು ನನಗೆ ನೆನಪಾಗಲಿಲ್ಲ. ಐದೂವರೆಗೆ ಭಾವನ ಫೋನ್ ಬಂತು.

“ಗೆದ್ರಂತಲ್ಲಮ್ಮ! ಸರಿಹೋದ್ರೂ ಹೋದೀತು ಅಂತ ಮೂರ್ ಗಂಟೆಯಿಂದ್ಲೂ ಗುಡ್ಡೆ ಮ್ಯಾಲೇ ಕುಂತಿವ್ನಿ. ಆಟ ಸರಿಹೋಯ್ತಾ?”

“ಹೂಂ ಭಾವ. ಆಮ್ಯಾಕೆ ಸರಿಹೋಯ್ತು.”

“ಇನ್ನಾ ಅರ್ಧ ಗಂಟೆ ಐತಲ್ಲ. ನಾನೊಂದ್ ಸಲ ನಿಂತ್ ನೋಡ್ಲಾ?”

ಬನ್ನಿ ಎಂದೆ. ಮತ್ತೆ ನಾಲ್ವರಾದೆವು. ಅಯ್ಯೋ ಪಾಪ ಎನ್ನಿಸಿದ್ದು ಐದು ನಿಮಿಷ. ಅವರು ಇಳಿದರು, ಸತ್ತೆವು. ಇಳಿದರು, ಸತ್ತೆವು. ಪದಕ ಕೈಗೆ ಬಂದಾಗಿತ್ತು, ಸೋತರೆ ನನಗೇನೂ ನಷ್ಟವಿರಲಿಲ್ಲ. ಆದರೂ ಹಲ್ಲು ಕಡಿಯುತ್ತಿದ್ದೆ. ಆರಾಗುವ ಹೊತ್ತಿಗೆ ಮೃಗ ಇನ್ನೊಮ್ಮೆ ಅವರ ಕಡೆ ತಿರುಗಿತು. ಅವರು ಪಕ್ಕಕ್ಕೆ ಸರಿದರು. ಅಷ್ಟರಲ್ಲಿ ಹೊತ್ತು ಮುಗಿದು, ನುಗ್ಗಲು ಹೊರಟಿದ್ದ ಮೃಗ ಇದ್ದಕ್ಕಿದ್ದಂತೆ ಮಾಯವಾಯಿತು.

ಖಾಲಿ ಅಂಗಳದಲ್ಲಿ ನಾಲ್ವರೂ ಬದುಕಿ ನಿಂತಿದ್ದೆವು.

“ಹೋಯ್ತು ನೋಡಮ್ಮ” ಎಂದರು ಭಾವ, ಒಂದು ತಿಂಗಳಲ್ಲಿ ಮೊದಲ ಸಲ ನಗುತ್ತಾ. “ಯಾರ್ಗೂ ಏನೂ ಆಗ್ಲಿಲ್ಲ.”