ಹನ್ನೊಂದನೆಯ ಗಾಡಿ

ನಮ್ಮ ಮನೆಯವರನ್ನು ಬೀದಿಯಲ್ಲಿ ಎಲ್ಲರೂ ಸುತ್ತಿಗೆ ಅಣ್ಣ ಅಂತಲೇ ಕರೆಯುವುದು. ಹಳೆಯ ಗಾಡಿ ಕೊಳ್ಳುವವರು ಮೊದಲು ಇವರ ಶೆಡ್ಡಿಗೆ ಬಂದು, ಇವರನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಇವರು ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿ, ಒಂದು ಪುಟ್ಟ ಸುತ್ತಿಗೆಯಿಂದ ಚಾಸಿಸ್ಸನ್ನು, ಅಂದರೆ ತಳದ ಕಬ್ಬಿಣದ ಚೌಕಟ್ಟನ್ನು, ಈ ತುದಿಯಿಂದ ಆ ತುದಿಯವರೆಗೆ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಕಬ್ಬಿಣವಾದರೆ ಟಣ್ ಅನ್ನುತ್ತದೆ, ತುಕ್ಕು ತಿಂದಿದ್ದರೆ ದಬ್ ಅನ್ನುತ್ತದೆ. ಒಂದು ಕಡೆ ದಬ್ ಅಂದರೂ ಮುಗಿಯಿತು, ಎದ್ದು ಬೆನ್ನು ಕೊಡವಿಕೊಂಡು "ಇದು ಬೇಡ ಬಿಡಿ" ಅನ್ನುತ್ತಾರೆ. ಮಾರುವವನ ಮುಖ ಹರಳೆಣ್ಣೆ ಕುಡಿದ ಹಾಗೆ ಆಗುತ್ತದೆ.

ಮೊಸರಲ್ಲಿ ಕಲ್ಲು ಹುಡುಕುವವರು ಅಂತ ಕೇಳಿದ್ದೀರಲ್ಲ, ನಾನು ಅಂಥವರ ಜೊತೆ ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ್ದೇನೆ. ಪಾತ್ರೆ ಕೊಳ್ಳಲು ಹೋದರೆ ಪಾತ್ರೆ ತಟ್ಟುತ್ತಾರೆ, ಬಾಗಿಲು ಮಾಡಿಸಿದರೆ ಬಾಗಿಲು ತಟ್ಟುತ್ತಾರೆ. ನನ್ನನ್ನು ನೋಡಲು ಬಂದ ದಿನ ಇವರ ಜೇಬಿನಲ್ಲಿ ಸುತ್ತಿಗೆ ಇರಲಿಲ್ಲ, ಹಾಗಾಗಿ ಮದುವೆಯಾಯಿತು ಎಂದು ನಾನು ಎಷ್ಟೋ ಸಲ ರೇಗಿಸಿದ್ದೇನೆ. ಆದರೆ ಈ ಗುಣ ಸುಮ್ಮನೆ ಬಂದದ್ದಲ್ಲ. ಕಸುಬಿಗೆ ಹೊಸದಾಗಿ ಬಂದಾಗ ಅವಸರದಲ್ಲಿ ಒಂದು ಗಾಡಿಗೆ "ಪರವಾಗಿಲ್ಲ, ತಗೊಳ್ಳಿ" ಅಂದುಬಿಟ್ಟಿದ್ದರಂತೆ. ಒಂದೇ ತಿಂಗಳಲ್ಲಿ ಅದರ ಸ್ಟಿಯರಿಂಗ್ ರಾಡ್ ಮುರಿದು, ಕೊಂಡವನು ಒಂದು ಕಾಲು ಕಳೆದುಕೊಂಡ. ಆಮೇಲೆ ಇವರ ಬಾಯಿಂದ ಪರವಾಗಿಲ್ಲ ಎಂಬ ಮಾತೇ ಬಂದಿಲ್ಲ.

ಇವರಿಗೆ ಒಬ್ಬನೇ ತಮ್ಮ. ನಾನು ಈ ಮನೆಗೆ ಬಂದಾಗ ಅವನಿಗೆ ಒಂಬತ್ತು ವರ್ಷ, ತಾಯಿ ಇರಲಿಲ್ಲ. ನಾನೇ ತಲೆಗೆ ನೀರು ಹಾಕಿ, ಬೆನ್ನು ಉಜ್ಜಿ, ಶಾಲೆಗೆ ಕಳಿಸಿದೆ. ನಮಗೆ ಮಕ್ಕಳಾಗಲಿಲ್ಲ, ಅದರ ಕೊರಗೂ ನನಗೆ ಅಷ್ಟಾಗಿ ಹತ್ತಲಿಲ್ಲ, ಚಿಕ್ಕೋನು ಇದ್ದನಲ್ಲ. ದೊಡ್ಡವನಾದ ಮೇಲೆ ಪಾರ್ಸೆಲ್ ವ್ಯಾನ್ ಓಡಿಸುವ ಕೆಲಸಕ್ಕೆ ಸೇರಿದ. ನಮ್ಮ ಮನೆಯ ಮಹಡಿ ಕೋಣೆಯಲ್ಲೇ ಇದ್ದ. ಮದುವೆಯ ಮಾತೆತ್ತಿದರೆ "ಅತ್ತಿಗೆ, ನನ್ನ ವ್ಯಾನಲ್ಲಿ ಇನ್ನೊಂದು ಸೀಟೇ ಇಲ್ಲ, ಅವಳನ್ನ ಎಲ್ಲಿ ಕೂರಿಸಲಿ?" ಅನ್ನುತ್ತಿದ್ದ. ಹದಿನಾರು ವರ್ಷ ಓಡಿಸಿದ, ಒಂದು ಗೀರೂ ಬಿದ್ದಿರಲಿಲ್ಲ.

ಆಮೇಲೆ ಒಂದೇ ತಿಂಗಳಲ್ಲಿ ಎರಡು ಗೇಟಿಗೆ ಕನ್ನಡಿ ತಾಗಿಸಿಕೊಂಡು ಬಂದ. ಮೂರನೆಯ ಸಲ ಒಬ್ಬ ಸೈಕಲ್ಲಿನವನು ಕೂದಲೆಳೆಯಲ್ಲಿ ಬಚಾವಾದ. ಪಕ್ಕದಲ್ಲಿ ಬಂದದ್ದು ತನಗೆ ಕಾಣಲೇ ಇಲ್ಲ ಎಂದ ಚಿಕ್ಕೋನು. ಕಣ್ಣಿನ ಡಾಕ್ಟರಮ್ಮ ಅರ್ಧ ದಿನ ಪರೀಕ್ಷೆ ಮಾಡಿ ನಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು. ನೋಟ ಸುತ್ತಲಿನಿಂದ ಕಿರಿದಾಗುತ್ತಾ ಬರುತ್ತದೆ, ಕೊಳವೆಯೊಳಗಿಂದ ನೋಡಿದ ಹಾಗೆ. ಇದಕ್ಕೆ ಔಷಧಿ ಇಲ್ಲ. ರಸ್ತೆಯಲ್ಲಿ ಗಾಡಿ ಓಡಿಸುವುದನ್ನು ಇವತ್ತೇ ನಿಲ್ಲಿಸಬೇಕು. ಉಳಿದ ನೋಟ ಎರಡು ವರ್ಷ ಇರಬಹುದು, ಹೆಚ್ಚೆಂದರೆ ಮೂರು.

ಅವನು ವ್ಯಾನಿನ ಕೀಲಿ ಒಪ್ಪಿಸಿ ಬಂದ. ಎರಡು ದಿನ ಕೋಣೆಯಿಂದ ಇಳಿಯಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ತಾನಾಗಿಯೇ ಹೇಳಿದ.

"ಅಣ್ಣ, ಒಂದು ಸಣ್ಣ ಫೋರ್ ವೀಲ್ ಗಾಡಿ ತಗೊಳ್ಳೋಣ. ಹಳೇದೇ ಆಗ್ಲಿ. ಇಬ್ಬರೂ ಸೇರಿ ಕಟ್ಟೋಣ. ರಸ್ತೆಗೆ ತರಲ್ಲ. ಕ್ವಾರೀಲಿ ಓಡಿಸ್ತೀನಿ, ಅಲ್ಲಿ ನನ್ನಿಂದ ಯಾರಿಗೂ ತೊಂದ್ರೆ ಇಲ್ಲ. ಒಂದೇ ಒಂದು ಸಲ ನಾನೇ ಓಡಿಸ್ಕೊಂಡು ಮೇಲಿನ ತನಕ ಹೋಗ್ಬೇಕು. ಮೇಲಿಂದ ಎಲ್ಲಾನೂ ಒಂದ್ಸಲ ನೋಡ್ಬಿಡ್ಬೇಕು."

ಊರಾಚೆ ಕೆಲಸ ನಿಂತು ಹೋದ ಒಂದು ಕಲ್ಲಿನ ಕ್ವಾರಿ ಇದೆ. ಲಾರಿಗಳು ಓಡಾಡಿದ ಹಾದಿ ಈಗ ಕಿತ್ತು ಹೋಗಿ, ಬರೀ ಕಲ್ಲು ಮತ್ತು ಕೊರಕಲು ಉಳಿದಿದೆ. ಮಾಮೂಲು ಗಾಡಿ ಮೊದಲನೆಯ ತಿರುವಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವ, ಹಗುರಾದ, ಗಿಡ್ಡನೆಯ ಗಾಡಿಯೇ ಬೇಕು. ಇವರು ತಟ್ಟೆಯಿಂದ ತಲೆ ಎತ್ತದೆ "ಆಯ್ತು" ಎಂದರು. ನನ್ನ ಕಣ್ಣಲ್ಲಿ ನೀರು ಬಂತು, ನೀರಿನ ಚೊಂಬು ತರುವ ನೆಪದಲ್ಲಿ ಒಳಗೆ ಹೋದೆ.

ಆ ವಾರವೇ ಒಂದು ಗಾಡಿ ಸಿಕ್ಕಿತು. ದನದ ಡಾಕ್ಟರೊಬ್ಬರದ್ದು, ನಿವೃತ್ತರಾಗಿ ಅದನ್ನು ಹಿತ್ತಲಲ್ಲಿ ನಿಲ್ಲಿಸಿದ್ದರು. ನಾನೂ ಹೋಗಿದ್ದೆ. ಹಸಿರು ಬಣ್ಣ ಮಾಸಿ ಬೂದಿಯಾಗಿತ್ತು, ಸೀಟು ಹರಿದಿತ್ತು. ಆದರೆ ಕೀಲಿ ತಿರುಗಿಸಿದ ತಕ್ಷಣ ಎಂಜಿನ್ ಎದ್ದಿತು, ಫೋರ್ ವೀಲ್ ಗೇರು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಬಿತ್ತು. ಚಿಕ್ಕೋನು ಹಿತ್ತಲಲ್ಲೇ ಎರಡು ಸುತ್ತು ಹೊಡೆದ. ಅವನು ನಕ್ಕದ್ದನ್ನು ನಾನು ಆ ತಿಂಗಳಲ್ಲಿ ಮೊದಲ ಸಲ ನೋಡಿದೆ.

ಇವರು ಕೆಳಗೆ ಮಲಗಿ ತಟ್ಟಿದರು. ಹಿಂಭಾಗದಲ್ಲಿ ಒಂದು ಕಡೆ ದಬ್ ಅಂದಿತು.

"ಇದು ಬೇಡ ಕಣೋ. ಹಿಂದೆ ಚಾಸಿಸ್ಸು ತುಕ್ಕು ಹಿಡಿದಿದೆ. ಎರಡು ವರ್ಷಾನೂ ಬಾಳಲ್ಲ."

"ನನಗೆ ಬೇಕಾಗಿರೋದೂ ಅಷ್ಟೇ ಅಲ್ವಾ ಅಣ್ಣ?" ಅಂದ ಚಿಕ್ಕೋನು.

ಈ ಮಾತು ಇವರ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಇವರ ಕಸುಬಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಗಾಡಿ ಎಷ್ಟು ವರ್ಷ ಬಾಳುತ್ತದೆ? ಆವತ್ತೂ ಇವರು ಅದನ್ನೇ ನೋಡಿದರು. ಓಡಿಸುವವನ ಹತ್ತಿರ ಎಷ್ಟು ವರ್ಷ ಇದೆ ಎಂದು ಲೆಕ್ಕ ಹಾಕಬೇಕೆಂದು ಹೊಳೆಯಲೇ ಇಲ್ಲ. ನಾನಾದರೂ ಅಲ್ಲೇ ಗದರಿಸಬೇಕಿತ್ತು. ಗಾಡಿ ವಿಷಯ, ಇವರಿಗೇ ಚೆನ್ನಾಗಿ ಗೊತ್ತು ಎಂದು ಬಾಯಿ ಮುಚ್ಚಿಕೊಂಡು ನಿಂತೆ. ಆ ಗಾಡಿಯನ್ನು ಮರುವಾರ ಯಾರೋ ಕೊಂಡರು.

ಆಮೇಲೆ ಪ್ರತಿ ಭಾನುವಾರ ಅಣ್ಣತಮ್ಮಂದಿರ ಸವಾರಿ ಹೊರಟಿತು. ಎರಡನೆಯ ಗಾಡಿ ನೆರೆಯಲ್ಲಿ ಮುಳುಗಿದ್ದು, ಕಾಲಡಿಯ ಹಾಸು ಎತ್ತಿದರೆ ಕೆಸರಿನ ಪುಡಿ. ಮೂರನೆಯದಕ್ಕೆ ಹೊಸ ಬಣ್ಣ ಬಳಿದಿದ್ದರು, ಅಯಸ್ಕಾಂತ ಇಟ್ಟರೆ ಅಂಟಲಿಲ್ಲ, ತಗಡಿಗಿಂತ ತೂತು ಮುಚ್ಚಲು ಮೆತ್ತಿದ ಪುಟ್ಟಿಯೇ ಜಾಸ್ತಿ. ನಾಲ್ಕನೆಯದು ಇನ್ನೂ ತಮಾಷೆ. ಫೋರ್ ವೀಲ್ ಗೇರಿನ ಕಡ್ಡಿಯೆಲ್ಲ ಇತ್ತು, ಕೆಳಗೆ ನೋಡಿದರೆ ಮುಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನೇ ಅದರ ಮಾಲೀಕ ಬಿಚ್ಚಿ ಮಾರಿಕೊಂಡಿದ್ದ. "ಹೆಸರಿಗೆ ನಾಲ್ಕು ಚಕ್ರ, ದುಡಿಯೋದು ಎರಡೇ, ನಮ್ಮ ಗೋದಾಮಿನ ಹಾಗೆ" ಎಂದು ಚಿಕ್ಕೋನು ಮನೆಗೆ ಬಂದು ನಮ್ಮನ್ನೆಲ್ಲ ನಗಿಸಿದ. ಅವನನ್ನು ಆಗ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸಲು ಹಾಕಿದ್ದರು.

ನಿಜ ಹೇಳುತ್ತೇನೆ, ಆ ಭಾನುವಾರಗಳು ನನಗೂ ಇಷ್ಟವಾಗಿದ್ದವು. ಇಬ್ಬರೂ ಬೆಳಿಗ್ಗೆ ಒಂದೇ ಸ್ಕೂಟರಿನಲ್ಲಿ ಹೊರಡುವುದು, ಮಧ್ಯಾಹ್ನ ಕೈಯೆಲ್ಲ ಗ್ರೀಸು ಮಾಡಿಕೊಂಡು, ಜಗಳ ಆಡಿಕೊಂಡು ಬರುವುದು. ಹುಡುಕಾಟವೇ ಒಂದು ಹಬ್ಬದ ಹಾಗಿತ್ತು. ಹಾಗೇ ಒಂದು ವರ್ಷ ಕಳೆಯಿತು, ಇನ್ನೊಂದು ವರ್ಷ ಅರ್ಧವಾಯಿತು.

ಚಿಕ್ಕೋನು ಕತ್ತಲಾದ ಮೇಲೆ ಮಹಡಿಯಿಂದ ಇಳಿಯುವುದನ್ನು ಬಿಟ್ಟ. ಲೋಟ ಎತ್ತಿಕೊಳ್ಳುವ ಮೊದಲು ಅಂಗೈಯನ್ನು ಮೇಜಿನ ಮೇಲೆ ಸವರಿಕೊಂಡು ಬರುತ್ತಿದ್ದ. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಾನು ಪಕ್ಕದಲ್ಲೇ ನಿಂತಿದ್ದೆ, "ಅತ್ತಿಗೆ ಎಲ್ಲಿದ್ದೀರಿ?" ಎಂದು ಕೂಗಿದ. ಆ ರಾತ್ರಿ ಇವರ ಮೇಲೆ ಹರಿಹಾಯ್ದೆ.

"ರೀ, ಎಂಥದ್ದಾದ್ರೂ ಸರಿ, ಒಂದು ತಗೊಂಡು ಬನ್ನಿ. ಅವನಿಗೆ ಟೈಮಿಲ್ಲ."

"ತಾಳಿದವನು ಬಾಳಿಯಾನು ಕಣೇ. ಅವನು ಒಂಟಿಯಾಗಿ ಕ್ವಾರಿ ಹತ್ತೋ ಗಾಡಿ. ಅರ್ಧ ದಾರೀಲಿ ಮುರಿದು ಬಿದ್ರೆ ಯಾರು ಜವಾಬ್ದಾರಿ?"

ಯಾವ ಮಹಾರಾಯ ಕಟ್ಟಿದ ಗಾದೆಯೋ, ಅವನು ಕೈಗೆ ಸಿಕ್ಕಿದ್ದರೆ ಎರಡು ಬಿಡುತ್ತಿದ್ದೆ. ನಾನು ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಇವರು ಕಟುಕರಲ್ಲ, ಅದು ನನಗೆ ಗೊತ್ತು. ತಮ್ಮನ ಕಣ್ಣನ್ನು ಬಿಚ್ಚಿ ರಿಪೇರಿ ಮಾಡಲು ಬರುವುದಿಲ್ಲವಲ್ಲ, ಗಾಡಿಯನ್ನಾದರೂ ಒಂದು ಚೂರೂ ಐಬಿಲ್ಲದ್ದು ಕೊಡಬೇಕು ಎಂದು ಹಟ ಹಿಡಿದಿದ್ದರು. ಪ್ರೀತಿಯೇ ಅದು. ಆದರೆ ಅಂಥ ಪ್ರೀತಿಗೆ ಬೆಂಕಿ ಹಾಕಬೇಕು ಎಂದು ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಹನ್ನೊಂದನೆಯ ಗಾಡಿಗೆ ಒಪ್ಪಿದರು. ಚಾಸಿಸ್ಸು ಪೂರ್ತಿ ಟಣ್ ಅಂದಿತಂತೆ. ಮಗು ಹುಟ್ಟಿದ ಸುದ್ದಿ ತಂದವರ ಹಾಗೆ ಮನೆಗೆ ಬಂದು ಹೇಳಿದರು. ಸರಿ, ಇನ್ನು ಹೋಗಿ ಅಂದರೆ, ಊಹೂಂ. ಅದನ್ನು ಕಟ್ಟಲು ಎಂಟು ತಿಂಗಳು. ಸ್ಪ್ರಿಂಗ್ ಬದಲಾಯಿಸಿ ಎತ್ತರ ಮಾಡಿದರು, ಗುಬ್ಬಿಯಂಥ ಗಾಡಿಗೆ ಆಳ ಕಚ್ಚಿನ ದೊಡ್ಡ ಟೈರು ಹಾಕಿದರು, ಗೇರ್ ಬಾಕ್ಸನ್ನು ಎರಡು ಸಲ ಇಳಿಸಿ ಎರಡು ಸಲ ಏರಿಸಿದರು. ಚಿಕ್ಕೋನು ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು ನಟ್ಟು ಬೋಲ್ಟುಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಅಳತೆ ಹೇಳಿ ಕೊಡುತ್ತಿದ್ದ. ಹನ್ನೆರಡು, ಹದಿನಾಲ್ಕು, ಹದಿನೇಳು, ಒಂದೂ ತಪ್ಪುತ್ತಿರಲಿಲ್ಲ. "ನೋಡೇ, ಎಷ್ಟು ಚುರುಕಾಗಿದ್ದಾನೆ" ಎಂದು ಇವರು ಹೆಮ್ಮೆಪಟ್ಟರು. ಅವನು ಯಾಕೆ ಮುಟ್ಟಿ ನೋಡುತ್ತಿದ್ದಾನೆ ಎಂದು ಕೇಳಲಿಲ್ಲ. ಗೋದಾಮಿನಲ್ಲಿ ವಿಳಾಸ ತಪ್ಪುತ್ತಿದೆ ಎಂದು ಕೆಲಸ ಬಿಡಿಸಿದ್ದನ್ನು ಚಿಕ್ಕೋನು ನನಗೊಬ್ಬಳಿಗೇ ಹೇಳಿದ್ದ. "ಅಣ್ಣಂಗೆ ಈಗ ಬೇಡ ಅತ್ತಿಗೆ, ಗಾಡಿ ಮುಗೀಲಿ" ಅಂದಿದ್ದ. ನಾನೂ ಹೇಳಲಿಲ್ಲ.

ಆ ದಿನ ಬೆಳಿಗ್ಗೆ ಹತ್ತು ಗಂಟೆ. ಮೋಡವಿಲ್ಲದ ಬಿಸಿಲು. ಕ್ವಾರಿಯ ತಳದವರೆಗೆ ಇವರೇ ಓಡಿಸಿಕೊಂಡು ಬಂದು ಇಳಿದರು. ಚಿಕ್ಕೋನು ಬಾಗಿಲ ಅಂಚು ಹಿಡಿದುಕೊಂಡು ಸುತ್ತಿ ಬಂದು ಡ್ರೈವರ್ ಸೀಟಿನಲ್ಲಿ ಕೂತ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಇವರು ಪಕ್ಕದಲ್ಲಿ, ನಾನು ಹಿಂದೆ.

"ಫೋರ್ ವೀಲ್ ಹಾಕು. ಲೋ ಗೇರು. ಮೊದಲನೇದು. ಕ್ಲಚ್ ಬಿಡು, ಆಕ್ಸಿಲರೇಟರ್ ಬೇಡ, ಅದೇ ಹೋಗುತ್ತೆ."

ಗಾಡಿ ಮನುಷ್ಯ ನಡೆಯುವಷ್ಟು ನಿಧಾನವಾಗಿ ಹೊರಟಿತು. ಚಿಕ್ಕೋನು ಬೆನ್ನು ನೆಟ್ಟಗೆ ಮಾಡಿಕೊಂಡು ಎದುರಿಗೇ ದಿಟ್ಟಿಸುತ್ತಿದ್ದ. "ಹೋಗ್ತಿದೆ ಅತ್ತಿಗೆ!" ಎಂದ. ಹಾದಿಯ ಬಲಕ್ಕೆ ಒಂದು ಕಲ್ಲು ಇತ್ತು. ಸಣ್ಣದಲ್ಲ, ಸೊಂಟದೆತ್ತರ, ಬಿಳಿ ಕಲ್ಲು, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಗಾಡಿ ಅದರ ಕಡೆಗೇ ಹೋಗುತ್ತಿತ್ತು. ಈಗ ತಿರುಗಿಸುತ್ತಾನೆ ಎಂದುಕೊಂಡೆ. ಈಗ ತಿರುಗಿಸುತ್ತಾನೆ. ಇವರು ಬಾಯಿ ತೆರೆದು ಮತ್ತೆ ಮುಚ್ಚಿದ್ದನ್ನು ಹಿಂದಿನಿಂದ ನೋಡಿದೆ. ಬಲಕ್ಕೆ ಕಲ್ಲಿದೆ ಎಂದು ಹೇಳುವುದಕ್ಕೆ ನಮ್ಮಿಬ್ಬರಿಗೂ ನಾಲಿಗೆ ಏಳಲಿಲ್ಲ. ಹೇಳಿದರೆ ನಿನಗೆ ಕಾಣುತ್ತಿಲ್ಲ ಎಂದು ಹೇಳಿದ ಹಾಗೆಯೇ ಅಲ್ಲವೇ.

ದಢ್ ಎಂದಿತು. ಎಂಜಿನ್ ನಿಂತಿತು.

"ಏನಾಯ್ತಣ್ಣ? ಗೇರ್ ಬಿಟ್ಟೋಯ್ತಾ?"

ನಮ್ಮ ಮನೆಯವರು ತಮ್ಮ ಜನ್ಮದಲ್ಲಿ ಗಾಡಿಯ ವಿಷಯದಲ್ಲಿ ಸುಳ್ಳು ಹೇಳಿದವರಲ್ಲ. "ಹೌದು ಕಣೋ" ಎಂದರು. "ಗೇರ್ ಬಾಕ್ಸಲ್ಲಿ ಏನೋ ಸಿಕ್ಕಿಹಾಕಿಕೊಂಡಿದೆ. ಗಾಡೀದೇ ತಪ್ಪು. ನಾನು ಸರಿಯಾಗಿ ಕೂರಿಸಿಲ್ಲ."

ಚಿಕ್ಕೋನು ಇಳಿದ. ಮಡ್‌ಗಾರ್ಡಿನ ಮೇಲೆ ಕೈ ಸವರಿಕೊಂಡು ಮುಂದೆ ಹೋದ, ಬಂಪರ್ ಮುಟ್ಟಿದ, ಆಮೇಲೆ ಕಲ್ಲು ಮುಟ್ಟಿದ. ಅದರ ನೆತ್ತಿ ಸಿಗುವವರೆಗೆ ಎರಡೂ ಕೈಯಲ್ಲಿ ತಡವಿದ. ಇವರು ಇಳಿದು ಹೋಗಿ ಅವನ ಪಕ್ಕ ನಿಂತರು.

"ಅಣ್ಣ, ಆ ಡಾಕ್ಟರ ಮನೆ ಗಾಡೀನೇ ಸಾಕಾಗಿತ್ತು" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಸಾಕಾಗಿತ್ತು" ಎಂದರು ಇವರು.

"ನೀನೇ ಮೇಲಿನ ತನಕ ಓಡಿಸಣ್ಣ. ನಾನು ಪಕ್ಕ ಕೂರ್ತೀನಿ."

ಅವನು ತಾನೇ ಹುಡುಕಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ. ಇವರು ಸ್ಟಿಯರಿಂಗ್ ಹಿಂದೆ ಕೂತರು, ಆದರೆ ಕೀಲಿಗೆ ಕೈ ಹಾಕಲಿಲ್ಲ. ಸ್ಟಿಯರಿಂಗ್ ಮೇಲೆ ಹಣೆ ಇಟ್ಟರು. ಭುಜ ಕುಲುಕುತ್ತಿತ್ತು, ದನಿ ಮಾತ್ರ ಆಚೆ ಬಾರದ ಹಾಗೆ ಅಂಗಿಯ ತೋಳನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದರು. ಚಿಕ್ಕೋನು ಎದುರಿನ ಗಾಜಿನ ಕಡೆಗೇ ಮುಖ ಮಾಡಿ, ಗಾಡಿ ಹೊರಡುವುದನ್ನು ಕಾಯುತ್ತಾ ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಹಿಂದಕ್ಕೆ ಕೈ ಚಾಚಿ ನನ್ನ ಮೊಣಕಾಲು ಹುಡುಕಿ ಮುಟ್ಟಿದ.

"ಅತ್ತಿಗೆ, ಅಣ್ಣ ಅಳ್ತಿದಾನಾ?"

"ಇಲ್ಲಪ್ಪ" ಎಂದೆ.