ಅಕ್ಕ ತಿಂದ ಹಿಂಡಿ

ನಮ್ಮ ಕಡೆ ಹಿಂಡಿ ಎಂದರೆ ಎರಡು. ಎಣ್ಣೆ ತೆಗೆದ ಮೇಲೆ ಮಿಲ್ಲಿನಲ್ಲಿ ಉಳಿಯುವುದು ಎಮ್ಮೆಗೆ. ಶೇಂಗಾ ಹುರಿದು, ಖಾರ, ಉಪ್ಪು, ಬೆಳ್ಳುಳ್ಳಿ ಹಾಕಿ ಕುಟ್ಟಿದ್ದು ರೊಟ್ಟಿಗೆ. ಕೇಳುವವರ ಕೈಯಲ್ಲಿ ಬುಟ್ಟಿ ಇದೆಯೋ ತಾಟು ಇದೆಯೋ ನೋಡಿದರೆ ತಿಳಿಯುತ್ತದೆ.

ನನ್ನ ಕೆಲಸ ಎಮ್ಮೆಯ ಹಿಂಡಿಯದು. ಲಿಂಗಸುಗೂರಿನ ಎಣ್ಣೆ ಮಿಲ್ಲಿನಿಂದ ಚೀಲ ತಂದು, ಕಾಲೇಜಿನ ಲ್ಯಾಬಿನಲ್ಲಿ ಅದರ ಪ್ರೋಟೀನನ್ನು ಕಿಣ್ವ ಹಾಕಿ ಸಣ್ಣ ಸಣ್ಣ ತುಂಡು ಮಾಡುತ್ತೇನೆ. ಆ ತುಂಡುಗಳೇ ಪೆಪ್ಟೈಡ್. ನೇರಳೆ ದ್ರಾವಣಕ್ಕೆ ಬಿಟ್ಟರೆ ಅದು ಹಳದಿಗೆ ತಿರುಗುತ್ತದೆ. ಜೀವಕೋಶ ಕೆಡಿಸುವ ಕಣಗಳನ್ನು ಇವು ತಡೆದಾವು ಎಂಬುದಕ್ಕೆ ಅಷ್ಟೇ ಗುರುತು. ಅದೂ ಗಾಜಿನ ನಳಿಕೆಯಲ್ಲಿ. ಮನುಷ್ಯರ ಮೈಯಲ್ಲಿ ಏನಾಗುತ್ತದೋ ನನಗೂ ಗೊತ್ತಿಲ್ಲ.

ಮಸ್ಕಿಯಲ್ಲಿರುವ ನನ್ನ ಅಕ್ಕನ ಎರಡೂ ಕಿಡ್ನಿ ಹೋಗಿವೆ. ಡಯಾಲಿಸಿಸ್‌ಗೆಂದು ಬಸ್ಸು ಹತ್ತಿ ಸಿಂಧನೂರಿಗೆ ಹೋಗಿಬರುತ್ತಾಳೆ. ಉಪ್ಪು, ಶೇಂಗಾ ಮುಟ್ಟಬೇಡ ಎಂದು ಡಾಕ್ಟರು ಹೇಳಿದ್ದರು. ಮೊನ್ನೆ ಹೋದಾಗ ನೋಡುತ್ತೇನೆ, ಅವಳ ತಾಟಿನಲ್ಲಿ ರೊಟ್ಟಿಗಿಂತ ಶೇಂಗಾ ಹಿಂಡಿಯೇ ಹೆಚ್ಚು. ಕಾಲು ಬಾತುಕೊಂಡಿದ್ದವು.

"ಏನಕ್ಕಾ ಇದು?"

"ನಿಂದೇ ಔಷಧ. ಹಿಂಡ್ಯಾಗ ಏನೋ ಕಂಡುಹಿಡಿದೀ ಅಂತ ನಿಮ್ಮ ಮಾವ ಹೇಳ್ಯಾರ. ದಿನಾ ತಿನ್ನಾಕತ್ತೀನಿ."

ಸಿಟ್ಟು ನೆತ್ತಿಗೇರಿತು. ಅಕ್ಕನ ಗಂಡನ ಮೇಲೆ ಹರಿಹಾಯ್ದೆ. ನನ್ನ ಕೆಲಸದ ಬಗ್ಗೆ ಓಣಿಯೆಲ್ಲ ಹೇಳಿಕೊಂಡು ಬಂದ ಮನುಷ್ಯ, ಬಾಗಿಲಿಗೆ ಒರಗಿ ನಿಂತು, "ಹಿಂಡಿ ಅಂದ್ರ ಹಿಂಡಿ ಅಲ್ಲೇನವಾ?" ಎಂದರು.

ತಾಟು ಸರಿಸಿದೆ. "ಅದು ಮಿಲ್ಲಿನ ಹಿಂಡಿ, ಅಕ್ಕಾ. ದನದ್ದು. ಇದು ನಿನಗ ವಿಷ ಇದ್ದಂಗ."

ಅವಳ ಮುಖ ಅರಳಿತು. ದೇವರೇ, ಅರಳಿಬಿಟ್ಟಿತು.

"ಅಷ್ಟೇ ಹೌದಿಲ್ಲೋ? ದನದ್ದಾದ್ರೂ ತಿಂತೀನಿ. ನಾಳೆ ಅದನ್ನಽ ತಂದು ಕೊಡು."

ಅದರಿಂದ ಗುಣವಾಗುತ್ತದೆ ಎಂದು ಸುಳ್ಳು ಹೇಳಿದ್ದರೆ ಒಂದಿಷ್ಟು ದಿನ ನೆಮ್ಮದಿಯಾಗಿ ಇರುತ್ತಿದ್ದಳೇನೋ. ಆದರೆ ಹೇಳಿದರೆ ನಿಜವಾಗಿಯೂ ತಿನ್ನುವವಳು ಅವಳು.

"ಅದರಿಂದನೂ ಹೋದ ಕಿಡ್ನಿ ಬರೂದಿಲ್ಲಕ್ಕಾ. ಯಾವ ಹಿಂಡಿಯಿಂದನೂ ಬರೂದಿಲ್ಲ."

ಅಕ್ಕ ತಾಟಿನಲ್ಲೇ ಕೈ ತೊಳೆದಳು. ಅಳಲಿಲ್ಲ. ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತಾ ಕೇಳಿದಳು:

"ಮತ್ತ ಯಾರ ಸಲುವಾಗಿ ಮಾಡಾಕತ್ತೀಯವಾ ಅದನ್ನ?"

ಮುಂದೆ ಬರುವವರ ಸಲುವಾಗಿ ಎನ್ನಬಹುದಿತ್ತು. ಅವಳ ಮುಖ ನೋಡಿಕೊಂಡು ಅದನ್ನು ಹೇಳಲಾಗಲಿಲ್ಲ.