ಸೈಡಲ್ಲಿ ಏನೂ ಇಲ್ಲ ಮೇಡಂ

"ಸೈಡ್ ಎಫೆಕ್ಟ್ ಏನಾದ್ರೂ ಇದೆಯಾ?" ಎಂದು ಡಾಕ್ಟರ್ ಕೇಳಿದರು.

ನನ್ನ ಚಿಕ್ಕಮ್ಮ ಎರಡೂ ಪಕ್ಕೆಗಳನ್ನು ಒತ್ತಿ ನೋಡಿಕೊಂಡರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಾಲಿದರು. "ಇಲ್ಲ ಮೇಡಂ, ಸೈಡಲ್ಲಿ ಏನೂ ಇಲ್ಲ."

ಡಾಕ್ಟರ್ ಅದನ್ನೇ ಬರೆದುಕೊಳ್ಳಲು ಪೆನ್ನು ಎತ್ತಿದರು. ನಾನು ಬಾಯಿ ಹಾಕಲೇಬೇಕಾಯಿತು. (ಬೇರೆಯವರ ಕನ್ಸಲ್ಟೇಶನ್ನಿನಲ್ಲಿ ನಾನು ಮಾತಾಡುವವಳಲ್ಲ. ನನ್ನದರಲ್ಲೇ ಮಾತಾಡುವುದು ಕಡಿಮೆ.)

"ಮೇಡಂ, ಅವರ ಕಾಲು ನೋಡಿ."

ಮೇಜಿನ ಕೆಳಗೆ ಚಿಕ್ಕಮ್ಮನ ಕಾಲುಗಳು ಹೊಲಿಗೆ ಮಿಷನ್ ತುಳಿಯುತ್ತಿದ್ದವು. ಮಿಷನ್ ಇದ್ದದ್ದು ಯಲಹಂಕದಲ್ಲಿ. ನಾವು ಇದ್ದದ್ದು ಹೆಬ್ಬಾಳದಲ್ಲಿ.

ಇದನ್ನು ಚಿಕ್ಕಮ್ಮನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ನನ್ನ ಹೆಸರು ಬೇಡ, ಬೇಕಾದ್ರೆ ಅಂಗಡಿ ಹೆಸರು ಹಾಕು, ನಾಲ್ಕು ಜನ ಬರ್ತಾರೆ" ಅಂದಿದ್ದಾರೆ. ಎರಡನ್ನೂ ಹಾಕಿಲ್ಲ.

ಅವರು ಹಳೇ ಯಲಹಂಕದಲ್ಲಿ ಬ್ಲೌಸ್ ಹೊಲಿಯುತ್ತಾರೆ. ಮನೆಯ ಮುಂದಿನ ರೂಮೇ ಅಂಗಡಿ. ಕಳೆದ ವರ್ಷ ಅವರಿಗೆ ಗೋಡೆಯಾಚೆಯಿಂದ ಯಾರೋ ತಮ್ಮನ್ನು ಬೈಯುವುದು ಕೇಳಿಸತೊಡಗಿತು. ಗೋಡೆಯಾಚೆ ಇರುವುದು ಖಾಲಿ ಸೈಟು. ಕತ್ತರಿ ಮೂಲೆ ಸೇರಿತು, ಅಂಗಡಿ ಮುಚ್ಚಿತು. ಡಾಕ್ಟರ್ ಆಂಟಿಸೈಕೋಟಿಕ್ ಮಾತ್ರೆ ಕೊಟ್ಟರು. ನಿಧಾನವಾಗಿ ಬೈಗುಳ ತಣ್ಣಗಾಯಿತು. ಚಿಕ್ಕಮ್ಮ ಮತ್ತೆ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡ ದಿನ ನಾವೆಲ್ಲ ಕಾರಣವಿಲ್ಲದೆ ಕೇಸರಿಬಾತ್ ತಿಂದೆವು.

ಆಮೇಲೆ ಮಾತ್ರೆಯ ಡೋಸ್ ಸ್ವಲ್ಪ ಹೆಚ್ಚಿತು. ಕಾಲು ಕುಣಿಯಲು ಶುರುವಾದದ್ದು ಆಗ.

ಮೊದಲು ಯಾರಿಗೂ ಅನುಮಾನವೇ ಬರಲಿಲ್ಲ. "ಟೈಲರ್ ಕಾಲು ಕಣಮ್ಮಾ, ಸುಮ್ನಿರಲ್ಲ" ಎಂದು ಚಿಕ್ಕಪ್ಪ ನಕ್ಕರು. ಚಿಕ್ಕಮ್ಮ ಕುಳಿತಲ್ಲಿ ಕೂರಲಾರದೆ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಓಡಾಡತೊಡಗಿದಾಗ ಅವರೇ ರೋಗಪತ್ತೆ ಬದಲಿಸಿದರು. "ಉಷ್ಣ. ಮಜ್ಜಿಗೆ ಕುಡಿ." (ನಮ್ಮ ಮನೆಗಳಲ್ಲಿ ಉಷ್ಣದಿಂದ ಆಗದ ಕಾಯಿಲೆ ಯಾವುದಿದೆ?)

ಅದೇ ಹೊತ್ತಿಗೆ ಎದುರುಮನೆಯ ಹುಡುಗಿಯ ಮುಹೂರ್ತದ ಬ್ಲೌಸ್ ಬಂತು. ಅಂಗಡಿ ಮತ್ತೆ ತೆರೆದ ಮೇಲೆ ಬಂದ ಮೊದಲ ಮದುವೆ ಕೆಲಸ. ಒಂದು ತೋಳು ಮುಗಿಸುವಷ್ಟು ಹೊತ್ತೂ ಕೂರಲಾಗದೆ ಚಿಕ್ಕಮ್ಮ ನನಗೆ ಫೋನ್ ಮಾಡಿದರು.

"ನಾಳೆಯಿಂದ ಮಾತ್ರೆ ಬಿಡ್ತೀನಿ ಕಣೇ."

"ಬೈಯೋರು ವಾಪಸ್ ಬಂದ್ರೆ?"

"ಬರ್ಲಿ ಬಿಡು. ಕೂತ್ಕೊಂಡು ಬೈಸ್ಕೋತೀನಿ. ಆದ್ರೆ ಕೂತ್ಕೋಬೇಕು."

ಹಾಗಾಗಿ ಹೆಬ್ಬಾಳ. ಹಾಗಾಗಿ ಮೇಜಿನ ಕೆಳಗಿನ ಕಾಲು.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಕಾಲು ತಾನಾಗೇ ಆಡತ್ತಾ, ಒಳಗಿಂದ ಚಡಪಡಿಕೆ ಆಗಿ ನೀವು ಆಡಿಸ್ತೀರಾ?"

"ಒಳಗೆ ಯಾರೋ ಎದ್ದೇಳು ಎದ್ದೇಳು ಅಂದಂಗೆ ಆಗತ್ತೆ ಮೇಡಂ. ನಡೆದ್ರೆ ಸ್ವಲ್ಪ ವಾಸಿ."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಸೈಡ್ ಬಗ್ಗೆ ಕೇಳಿದ್ರಿ. ಕಾಲು ಕೆಳಗಿದೆಯಲ್ಲಾ."

ಡಾಕ್ಟರ್ ಮನಸಾರೆ ನಕ್ಕರು. ಚಿಕ್ಕಮ್ಮನೂ ನಕ್ಕರು. ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಈ ಚಡಪಡಿಕೆ ಹಳೇ ಕಾಯಿಲೆ ಮರಳಿದ್ದಲ್ಲ, ಉಷ್ಣವೂ ಅಲ್ಲ, ಮಾತ್ರೆಯದೇ ಕೆಲಸ. ಡೋಸ್ ತಗ್ಗಿಸಬಹುದು, ಬೇರೆ ಮಾತ್ರೆಗೆ ಬದಲಾಯಿಸಬಹುದು. ಆದರೆ ಅದನ್ನು ಮಾಡುವುದು ಇಲ್ಲಿ, ಮನೆಯಲ್ಲಿ ಅಲ್ಲ. ತಟ್ಟನೆ ನಿಲ್ಲಿಸಿದರೆ ಬೈಯುವವರು ಮೊದಲಿಗಿಂತ ಜೋರಾಗಿ ಬರಬಹುದು. ಮೈ ಬಿಗಿಯಾದರೆ, ನಾಲಿಗೆ ಎಳೆದಂತಾದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬಾರದು. ಜ್ವರದ ಜೊತೆ ಮೈ ಸೆಟೆದುಕೊಂಡರೆ ನೇರ ಎಮರ್ಜೆನ್ಸಿ.

"ತೂಕ ಜಾಸ್ತಿ ಆಗಿದೆಯಾ?"

"ಅದಕ್ಕೇನು ಮೇಡಂ, ನನ್ನ ಬ್ಲೌಸಿಗೆ ಒಳಗೆ ಬಟ್ಟೆ ಬಿಟ್ಟಿರ್ತೀನಿ. ಹೊಲಿಗೆ ಬಿಚ್ಕೊಂಡ್ರಾಯ್ತು."

"ಬ್ಲೌಸಿಗೆ ಸರಿ. ಶುಗರ್ ಟೆಸ್ಟಿಗೆ ಒಳಗೆ ಬಟ್ಟೆ ಬಿಡೋಕಾಗಲ್ಲ," ಎಂದು ಡಾಕ್ಟರ್ ರಕ್ತಪರೀಕ್ಷೆಗೂ ಬರೆದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚಿಸುತ್ತಿದ್ದೆ. ಬಿಪಿ ಮಾತ್ರೆಯನ್ನು ನಾವು ಊಟದ ತಟ್ಟೆಯ ಪಕ್ಕದಲ್ಲೇ ಇಡುತ್ತೇವೆ. ಮನಸ್ಸಿನ ಮಾತ್ರೆ ಮಾತ್ರ ಬೀರುವಿನಲ್ಲಿ, ಸೀರೆಗಳ ಹಿಂದೆ. ಬಚ್ಚಿಟ್ಟ ಮಾತ್ರೆಯ ಬಗ್ಗೆ ಪ್ರಶ್ನೆ ಕೇಳುವುದು ಹೇಗೆ? ಡಾಕ್ಟರ ಮುಂದೆ "ಎಲ್ಲಾ ಚೆನ್ನಾಗಿದೆ" ಎನ್ನುತ್ತೇವೆ, ಮನೆಗೆ ಬಂದು ಮಾತ್ರೆ ಬಿಡುತ್ತೇವೆ. ಇದು ಮರ್ಯಾದೆಯೋ, ಅಪಾಯವೋ?

ಡೋಸ್ ಇಳಿಯಿತು. ಮಾರನೇ ದಿನವೇ ಪವಾಡವಾಗಲಿಲ್ಲ. ಕೆಲವು ದಿನ ಚಿಕ್ಕಮ್ಮ ನಿಂತುಕೊಂಡೇ ಕೈಹೊಲಿಗೆ ಹಾಕಿದರು. ಒಂದು ಬೆಳಿಗ್ಗೆ ಕುಳಿತರು. ಎದ್ದರು. ಮತ್ತೆ ಕುಳಿತರು. ಎರಡನೇ ತೋಳು ಮುಗಿಯಿತು. ಗೋಡೆಯಾಚೆಯ ಸೈಟು ಖಾಲಿಯಾಗಿಯೇ ಉಳಿಯಿತು. ಎದುರುಮನೆಯ ಹುಡುಗಿ ಬ್ಲೌಸ್ ತೊಟ್ಟು ಕನ್ನಡಿಯ ಮುಂದೆ ತಿರುಗಿದ್ದನ್ನು, ಅವಳ ಗೆಳತಿಯರು ಆಗಲೇ ಬಟ್ಟೆ ತಂದಿದ್ದನ್ನು ಚಿಕ್ಕಮ್ಮ ಫೋನಿನಲ್ಲಿ ವರದಿ ಮಾಡಿದರು. ಹಿನ್ನೆಲೆಯಲ್ಲಿ ಮಿಷನ್ ಓಡುತ್ತಲೇ ಇತ್ತು.

ಮೊನ್ನೆ ಭಾನುವಾರ ಹೋದಾಗ ಊಟದ ಹೊತ್ತು ಮೀರಿತ್ತು. ಚಿಕ್ಕಪ್ಪ ಬಾಗಿಲಲ್ಲೇ ನನ್ನನ್ನು ತಡೆದು, ಅಂಗಡಿಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಕೇಳಿದರು.

"ಡಾಕ್ಟ್ರನ್ನ ಒಂದ್ಮಾತು ಕೇಳಮ್ಮಾ. ಇವಳನ್ನ ಮಿಷನ್ ಮುಂದಿಂದ ಏಳ್ಸೋಕೆ ಏನಾದ್ರೂ ಮಾತ್ರೆ ಇದ್ಯಾ?"